ಹುಲ್ಲುಹಾಸಿನ ಒಣಪದರ ಮತ್ತು ಪಾಚಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯ ಹುಲ್ಲುಹಾಸಿನ ಮೇಲೆ ಈಚೆಗೆ ನಡೆದರೆ ಕಾಲು ಮೆತ್ತಗೆ ಹೂತಂತಾಗುತ್ತದೆ. ಹಾಯಿಸಿದ ನೀರು ಕೆಳಗಿಳಿಯದೆ ಪಕ್ಕಕ್ಕೆ ಹರಿದುಹೋಗುತ್ತದೆ. ಮರದ ನೆರಳು ಬೀಳುವ ಕಡೆ ಹುಲ್ಲು ತೆಳ್ಳಗಾಗಿ ಪಾಚಿ ಕಟ್ಟಿದೆ. ಎರಡನ್ನೂ ಒಟ್ಟಿಗೆ ಕೆರೆದು ತೆಗೆಯಬಹುದೇ? ಸುಣ್ಣ ಹಾಕಿದರೆ ಪಾಚಿ ಸಾಯುತ್ತದೆ ಎನ್ನುವುದು ನಿಜವೇ?

ಉತ್ತರ: ತಾವು ವಿವರಿಸಿರುವುದು ಎರಡು ಬೇರೆ ಬೇರೆ ತೊಂದರೆಗಳನ್ನು: ಕಾಲಿಗೆ ಮೆತ್ತಗೆ ತಾಗುವ ಒಣಪದರ ಒಂದು, ಪಾಚಿ ಇನ್ನೊಂದು. ಎರಡಕ್ಕೂ ಕೆರೆಯುವ ಕೆಲಸ ಬೇಕಾದರೂ ಅವುಗಳ ಕಾರಣ ಬೇರೆ, ಕೆರೆಯಬೇಕಾದ ಸಮಯವೂ ಬೇರೆ.

ಮೊದಲು ಮೆತ್ತಗಾಗಿರುವ ಜಾಗದಲ್ಲಿ ಚೂಪಾದ ಚಾಕುವಿನಿಂದ ಮಣ್ಣು ಸಹಿತ ಸಣ್ಣ ತುಂಡೊಂದನ್ನು ಕತ್ತರಿಸಿ ಎತ್ತಿ ನೋಡಿ. ಹಸಿರು ಎಲೆಗಳಿಗೂ ಮಣ್ಣಿಗೂ ನಡುವೆ ಕಂದು ಬಣ್ಣದ, ನಾರುನಾರಾದ ಪದರವೊಂದು ಕಾಣಿಸುತ್ತದೆ. ಹುಲ್ಲಿನ ಹಬ್ಬುಕಾಂಡಗಳು, ಬುಡಗಳು ಮತ್ತು ಬೇರುಗಳು, ಅರ್ಧ ಸತ್ತು ಅರ್ಧ ಬದುಕಿರುವ ಸ್ಥಿತಿಯಲ್ಲಿ, ಕೊಳೆಯುವ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಕೂಡಿಕೊಂಡಾಗ ಉಂಟಾಗುವ ಈ ಪದರವನ್ನೇ ಥ್ಯಾಚ್ ಎನ್ನುತ್ತಾರೆ. ಅದರ ದಪ್ಪವನ್ನು ಅಳೆದ ಬಳಿಕವೇ ಮುಂದಿನ ನಿರ್ಧಾರ. ಸುಮಾರು 1 ಸೆಂಟಿಮೀಟರ್ ಒಳಗಿದ್ದರೆ ಅದನ್ನು ಮುಟ್ಟುವ ಅಗತ್ಯವೇ ಇಲ್ಲ. ಅಷ್ಟು ಪದರವು ಮಣ್ಣಿನ ತೇವವನ್ನು ಕಾಪಾಡುತ್ತದೆ ಮತ್ತು ಓಡಾಟದ ಭಾರವನ್ನು ತಡೆದುಕೊಳ್ಳುತ್ತದೆ. ವರ್ಷಕ್ಕೊಮ್ಮೆ ತಪ್ಪದೆ ಕೆರೆಯಲೇಬೇಕೆಂಬ ರೂಢಿ ಅನೇಕ ಹುಲ್ಲುಹಾಸುಗಳಿಗೆ ಒಳಿತಿಗಿಂತ ಕೇಡನ್ನೇ ಹೆಚ್ಚಾಗಿ ಮಾಡಿದೆ ಎಂಬುದು ನನ್ನ ಅಭಿಪ್ರಾಯ. ಪದರವು 2 ಸೆಂಟಿಮೀಟರ್ ದಾಟಿದಾಗ ಮಾತ್ರ ನೀರು ಇಳಿಯುವುದು ಕಷ್ಟವಾಗುತ್ತದೆ, ಬೇರುಗಳು ಮಣ್ಣಿಗಿಳಿಯದೆ ಆ ಪದರದಲ್ಲಿಯೇ ಹರಡಿ ಬಿಸಿಲಿಗೆ ಬೇಗ ಬಾಡುತ್ತವೆ, ಶಿಲೀಂಧ್ರ ರೋಗಗಳಿಗೂ ಕೀಟಗಳಿಗೂ ಅಲ್ಲಿ ಆಶ್ರಯ ದೊರೆಯುತ್ತದೆ.

ಕೆರೆಯುವ ಕಾಲವನ್ನು ಹುಲ್ಲಿನ ಜಾತಿಯೇ ನಿರ್ಧರಿಸುತ್ತದೆ. ಗರಿಕೆ, ಜೋಯ್ಸಿಯಾಗಳಂತಹ ಬಿಸಿ ಹವೆಯ ಹುಲ್ಲುಗಳನ್ನು ಅವು ಹುರುಪಿನಿಂದ ಚಿಗುರುವ ಬೇಸಿಗೆಯ ಮೊದಲ ಭಾಗದಲ್ಲಿಯೂ, ಫೆಸ್ಕ್ಯೂ, ರೈ, ಬ್ಲೂಗ್ರಾಸ್‌ಗಳಂತಹ ತಂಪು ಹವೆಯ ಹುಲ್ಲುಗಳನ್ನು ಬೇಸಿಗೆ ಮುಗಿದು ಚಳಿ ಬಲಿಯುವ ಮೊದಲೂ ಕೆರೆಯುವುದು ಕ್ಷೇಮ, ಏಕೆಂದರೆ ಗಾಯಗೊಂಡ ಹುಲ್ಲಿಗೆ ಚೇತರಿಸಿಕೊಳ್ಳಲು ಮುಂದೆ ಕೆಲವು ವಾರಗಳ ಒಳ್ಳೆಯ ಬೆಳವಣಿಗೆ ಸಿಗಬೇಕು. ಸಣ್ಣ ಅಂಗಳವಾದರೆ ಬಿರುಸಾದ ಹಲ್ಲುಗಳ ರೇಕ್ ಸಾಕು. ದೊಡ್ಡದಾದರೆ ಲಂಬವಾಗಿ ತಿರುಗುವ ಬ್ಲೇಡುಗಳಿರುವ ಯಂತ್ರವನ್ನು ಬಾಡಿಗೆಗೆ ಪಡೆಯಬಹುದು. ಮಣ್ಣು ಕೊಂಚ ತೇವವಾಗಿರಬೇಕೇ ಹೊರತು ಕೆಸರಾಗಿರಬಾರದು. ಪದರವು ತೀರ ದಪ್ಪವಾಗಿದ್ದರೆ ಒಂದೇ ಸಲಕ್ಕೆ ಪೂರ್ತಿ ಕಿತ್ತುಹಾಕದೆ ಎರಡು ಬೆಳವಣಿಗೆಯ ಕಾಲಗಳಿಗೆ ಹಂಚಿಕೊಳ್ಳಿ, ಇಲ್ಲವಾದರೆ ಅದರಲ್ಲಿಯೇ ಬೇರೂರಿರುವ ಹುಲ್ಲೂ ಜೊತೆಗೆ ಎದ್ದುಬರುತ್ತದೆ. ಹಬ್ಬುವ ಜಾತಿಗಳು ಖಾಲಿ ಜಾಗವನ್ನು ತಾವೇ ತುಂಬಿಕೊಳ್ಳುತ್ತವೆ; ಬುಡಕಟ್ಟಿ ಬೆಳೆಯುವ ಜಾತಿಗಳಿಗೆ ಅಲ್ಲಲ್ಲಿ ಮತ್ತೆ ಬೀಜ ಬಿತ್ತಬೇಕಾಗುತ್ತದೆ.

ಕೆರೆದ ನಂತರ ಟೊಳ್ಳು ಮೊಳೆಗಳ ಉಪಕರಣದಿಂದ ನೆಲಕ್ಕೆ ರಂಧ್ರ ಮಾಡುವುದು ಇನ್ನೂ ಹೆಚ್ಚು ಬಾಳಿಕೆಯ ಉಪಾಯ. ಹೊರಬಂದ ಮಣ್ಣಿನ ಉಂಡೆಗಳನ್ನು ಗುಡಿಸಿ ಎಸೆಯದೆ ಅಲ್ಲಿಯೇ ಪುಡಿಮಾಡಿ ಹರಡಿದರೆ ಅವುಗಳಲ್ಲಿರುವ ಸೂಕ್ಷ್ಮಜೀವಿಗಳು ಉಳಿದ ಪದರವನ್ನು ಕೊಳೆಸುತ್ತವೆ. ಸಾರಜನಕ ಗೊಬ್ಬರವನ್ನು ಅತಿಯಾಗಿ ಹಾಕುವುದು, ದಿನವೂ ಮೇಲುಮೇಲೆ ನೀರು ಚಿಮುಕಿಸುವುದು, ಎರೆಹುಳುಗಳನ್ನೂ ಕೊಲ್ಲುವ ಕೀಟನಾಶಕಗಳನ್ನು ಪದೇ ಪದೇ ಬಳಸುವುದು, ಇವು ನಿಲ್ಲದಿದ್ದರೆ ಪದರವು ಮತ್ತೆ ಕಟ್ಟಿಕೊಳ್ಳುತ್ತದೆ.

ಇನ್ನು ಪಾಚಿಯ ವಿಚಾರ. ಅದು ಹುಲ್ಲನ್ನು ಕೊಂದು ಜಾಗ ಹಿಡಿಯುವುದಿಲ್ಲ. ನೆರಳು, ತೇವ, ಗಟ್ಟಿಯಾದ ಮಣ್ಣು, ಪೋಷಕಾಂಶದ ಕೊರತೆ ಅಥವಾ ತೀರ ಗಿಡ್ಡಗೆ ಕತ್ತರಿಸುವ ಅಭ್ಯಾಸದಿಂದ ಹುಲ್ಲು ಸೋತು ಬಿಟ್ಟುಹೋದ ಜಾಗಕ್ಕೆ ಬರುತ್ತದೆ. ಅದಕ್ಕೆ ನಿಜವಾದ ಬೇರುಗಳಿಲ್ಲ, ನೀರನ್ನು ಬಹುಮಟ್ಟಿಗೆ ಎಲೆಗಳ ಮೂಲಕವೇ ಹೀರುತ್ತದೆ. ಆದ್ದರಿಂದಲೇ ಹುಲ್ಲು ಬೇರಿಳಿಸಲಾಗದ ನೆಲವೂ ಅದಕ್ಕೆ ಸಾಕಾಗುತ್ತದೆ. ಬೇಸಿಗೆಯಲ್ಲಿ ಒಣಗಿ ಸತ್ತಂತೆ ಕಂಡರೂ ಮಳೆ ಬಿದ್ದೊಡನೆ ಅನೇಕ ಜಾತಿಯ ಪಾಚಿಗಳು ಮತ್ತೆ ಹಸಿರಾಗುತ್ತವೆ.

ಹಸಿ ಪಾಚಿಯನ್ನು ಕೆರೆದರೆ ಅದರ ಚೂರುಗಳು ಚೆದುರಿ ಬೇರೆ ಕಡೆಯೂ ಬೆಳೆಯಬಹುದು. ಆದ್ದರಿಂದ ದಟ್ಟವಾಗಿದ್ದರೆ ಮೊದಲು ಫೆರಸ್ ಸಲ್ಫೇಟ್, ಅಂದರೆ ಅನ್ನಭೇದಿಯನ್ನು, ಹುಲ್ಲುಹಾಸಿಗೆಂದು ಪೊಟ್ಟಣದ ಮೇಲೆ ನಮೂದಿಸಿದ ಪ್ರಮಾಣವನ್ನು ಮೀರದೆ ಬಳಸಿ, ಪಾಚಿಯು ಕಪ್ಪಾಗಿ ಸತ್ತ ಮೇಲೆ, ಸುಮಾರು ಎರಡು ವಾರ ಬಿಟ್ಟು ಕೆರೆಯಿರಿ. ಇದು ಕಲ್ಲುಹಾಸು, ಸಿಮೆಂಟು ಮತ್ತು ಬಟ್ಟೆಯ ಮೇಲೆ ಬೀಳದಂತೆ ಎಚ್ಚರ ವಹಿಸಬೇಕು. ತುಕ್ಕಿನ ಕಲೆ ಸುಲಭವಾಗಿ ಹೋಗುವುದಿಲ್ಲ.

ಸುಣ್ಣವು ಪಾಚಿಯ ಔಷಧವಲ್ಲ. ಮಣ್ಣು ಪರೀಕ್ಷೆಯಲ್ಲಿ ರಸಸಾರವು (ಮಣ್ಣಿನ ಆಮ್ಲ-ಕ್ಷಾರ ಗುಣದ ಅಳತೆ, pH) ಹುಲ್ಲಿಗೆ ಬೇಕಾದುದಕ್ಕಿಂತ ಕಡಿಮೆಯೆಂದು ಕಂಡುಬಂದರೆ ಮಾತ್ರ ಸುಣ್ಣ ಹಾಕುವುದರಿಂದ ಹುಲ್ಲು ಬಲಗೊಂಡು ಪಾಚಿಗೆ ಎಡೆ ತಪ್ಪುತ್ತದೆ. ಪರೀಕ್ಷೆಯಿಲ್ಲದೆ ಸುರಿದರೆ ರಸಸಾರವು ಅತಿಯಾಗಿ ಏರಿ ಹುಲ್ಲಿಗೆ ಕಬ್ಬಿಣದಂತಹ ಪೋಷಕಾಂಶಗಳು ಸಿಗದೆ ಹಳದಿಗಟ್ಟೀತು. ಮರದ ಕೆಳಕೊಂಬೆಗಳನ್ನು ಸವರಿ ಬೆಳಕು ಬಿಡುವುದು ಸುಣ್ಣಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಅಷ್ಟಾದರೂ ದಿನದ ಬಹುಭಾಗ ನೆರಳೇ ಉಳಿಯುವುದಾದರೆ, ಅಲ್ಲಿ ಹುಲ್ಲಿಗಾಗಿ ಹಟ ಹಿಡಿಯದೆ ನೆರಳಿನ ಗಿಡಗಳನ್ನು ನೆಡುವುದೇ ಲೇಸು. ಪಾಚಿಯನ್ನೇ ಹಾಗೆ ಬಿಟ್ಟರೂ ನೋಡಲು ಕೆಟ್ಟದಾಗಿರುವುದಿಲ್ಲ.

ಪ್ರಶ್ನೆ: ಕತ್ತರಿಸಿದ ಹುಲ್ಲಿನ ಚೂರುಗಳನ್ನು ಅಲ್ಲಿಯೇ ಬಿಡುವುದರಿಂದಲೇ ಥ್ಯಾಚ್ ಕಟ್ಟುತ್ತದೆಯೇ?

ಉತ್ತರ: ಇಲ್ಲ. ಎಲೆಯ ಚೂರುಗಳಲ್ಲಿ ನೀರಿನ ಅಂಶವೇ ಹೆಚ್ಚು, ಅವು ಬೇಗ ಕೊಳೆತು ಮಣ್ಣಿಗೆ ಸಾರಜನಕವನ್ನು ಹಿಂದಿರುಗಿಸುತ್ತವೆ. ನಿಧಾನವಾಗಿ ಕೊಳೆಯುವುದು ಲಿಗ್ನಿನ್, ಅಂದರೆ ಸಸ್ಯಕ್ಕೆ ಗಟ್ಟಿತನ ಕೊಡುವ ವಸ್ತು, ಹೆಚ್ಚಿರುವ ಕಾಂಡ ಮತ್ತು ಬುಡಗಳು. ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದಿದ್ದರೆ ಚೂರುಗಳನ್ನು ನಿಶ್ಚಿಂತೆಯಿಂದ ಬಿಡಬಹುದು. ಹುಲ್ಲು ಬಹಳ ಬೆಳೆದ ಮೇಲೆ ಕತ್ತರಿಸಿ, ಅದು ಮುದ್ದೆಮುದ್ದೆಯಾಗಿ ಬಿದ್ದರೆ ಮಾತ್ರ ಗುಡಿಸಿ ತೆಗೆಯಿರಿ.

ಪ್ರಶ್ನೆ: ಕೆರೆದು ತೆಗೆದ ಪಾಚಿಯನ್ನು ಕಾಂಪೋಸ್ಟ್ ಗುಂಡಿಗೆ ಹಾಕಬಹುದೇ?

ಉತ್ತರ: ಹಾಕಬಹುದು, ಆದರೆ ಅದು ಬಹಳ ನಿಧಾನವಾಗಿ ಕೊಳೆಯುತ್ತದೆ. ಒಂದೇ ಕಡೆ ದಪ್ಪ ಪದರವಾಗಿ ಸುರಿಯದೆ ಸ್ವಲ್ಪ ಸ್ವಲ್ಪವಾಗಿ, ಅಡುಗೆಮನೆಯ ಹಸಿ ಕಸದೊಡನೆ ಚೆನ್ನಾಗಿ ಬೆರೆಸಿ ಹಾಕಿರಿ. ಕಳೆನಾಶಕ ಬೆರೆತ ಉತ್ಪನ್ನವನ್ನು ಬಳಸಿದ್ದರೆ ಅದರ ಪೊಟ್ಟಣದ ಸೂಚನೆಯನ್ನು ಓದದೆ ಗುಂಡಿಗೆ ಸೇರಿಸಬೇಡಿ.