ಮನೇಲಿ ರೋಗಿನ ನೋಡ್ಕೊಳ್ಳೋರ ಆರೋಗ್ಯ, ನೆನಪಿನ ಶಕ್ತಿ ನಿಜವಾಗ್ಲೂ ಕೆಡುತ್ತಾ?

ಹೌದು ಕೆಡುತ್ತೆ, ಬರೀ ಮನಸ್ಸಿನ ಬೇಜಾರು ಅಂತ ತಳ್ಳಿಹಾಕೋ ವಿಷ್ಯ ಅಲ್ಲ ಇದು. ನಮ್ಮಜ್ಜಿಗೆ ಡಿಮೆನ್ಷಿಯಾ (ನೆನಪು, ಬುದ್ಧಿಶಕ್ತಿ ಕುಂದಿಸೋ ಕಾಯಿಲೆ) ಇದ್ದಾಗ ಅಮ್ಮ ರಾತ್ರಿ ಮೂರ್ನಾಲ್ಕು ಸಲ ಏಳೋರು, ಬಾಗಿಲ ಚಿಲಕ ಸದ್ದಾದ್ರೆ ಸಾಕು ಎದ್ದು ಕೂರೋರು, ಅಜ್ಜಿ ಮಾತ್ರೆ ಒಂದಿನಾನೂ ತಪ್ಪಿಸಲಿಲ್ಲ ಆದ್ರೆ ತಮ್ಮ ಬಿಪಿ ಮಾತ್ರೆ ಮರ್ತುಬಿಡೋರು, ಹಾಲು ಉಕ್ಕಿ ಹರೀತಿದ್ರೂ ಒಲೆ ಮುಂದೇನೇ ಸುಮ್ನೆ ನಿಂತಿರೋರು. ನಂಗೂ ಅದೇ ಕಾಯಿಲೆ ಬಂತೇನೋ ಅಂತ ಹೆದ್ರಿದ್ರು ಪಾಪ.

ಒತ್ತಡ ತಿಂಗಳುಗಟ್ಟಲೆ ಇಳೀದೇ ಇದ್ರೆ ಒತ್ತಡ ಆದಾಗ ಮೈಯಲ್ಲಿ ಹೆಚ್ಚಾಗೋ ಕಾರ್ಟಿಸಾಲ್ ಅನ್ನೋ ಹಾರ್ಮೋನಿನ ಲೆಕ್ಕ ತಪ್ಪುತ್ತೆ, ಬಿಪಿ ಶುಗರ್ ಏರಬಹುದು, ರೋಗನಿರೋಧಕ ಶಕ್ತಿ ಕುಗ್ಗುತ್ತೆ. 1995ರಲ್ಲಿ ಅಮೆರಿಕದ ಓಹಾಯೋದಲ್ಲಿ ಡಿಮೆನ್ಷಿಯಾ ಇರೋ ಮನೆಯವ್ರನ್ನ ನೋಡ್ಕೊಳ್ತಿದ್ದ 13 ಹೆಂಗಸರಿಗೂ, ಆ ಜವಾಬ್ದಾರಿ ಇಲ್ಲದ ಹೆಚ್ಚುಕಮ್ಮಿ ಅದೇ ವಯಸ್ಸಿನ 13 ಜನಕ್ಕೂ 3.5 ಮಿಲಿಮೀಟರಿನ ಒಂದೇ ಥರದ ಸಣ್ಣ ಗಾಯ ಮಾಡಿ ನೋಡಿದ್ರು, ಮೊದಲನೇ ಗುಂಪಿನವರ ಗಾಯ ಮಾಯೋಕೆ ಸರಾಸರಿ 9 ದಿನ ಜಾಸ್ತಿ ಹಿಡೀತು. ಚರ್ಮದ ಮೇಲೇ ಕಾಣೋ ಸಾಕ್ಷಿ ಇದು.

ಮರೆವಿಗೆ ಎಷ್ಟೋ ಸಲ ನಿದ್ದೆಗೇಡು, ಖಿನ್ನತೆನೇ ಕಾರಣ, ಅವು ಸರಿಹೋದ್ರೆ ತಲೆನೂ ತಿಳಿಯಾಗುತ್ತೆ. ಆದ್ರೂ ಥೈರಾಯ್ಡ್, ಬಿ12 ಒಂದ್ಸಲ ಟೆಸ್ಟ್ ಮಾಡ್ಸಿ.

ಮನೆಯವ್ರಿಗೆ ನನ್ನ ವಿನಂತಿ, ಸಹಾಯ ಬೇಕಾ ಅಂತ ಕೇಳ್ಬೇಡಿ, ಬೇಡ ಅಂತಾರೆ, ವಾರಕ್ಕೆ ಎರಡು ರಾತ್ರಿ ನೀವೇ ಹೋಗಿ ರೋಗಿ ಪಕ್ಕ ಮಲಗಿ. ಮಾತಾಡೋಕೆ ಯಾರೂ ಇಲ್ಲ ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡು ಕೊಡ್ಬೇಕಿಲ್ಲ.