‘ರನ್’ ಅಂದರೆ ಬರೀ ಓಡುವುದಲ್ಲ

“ರನ್ ಅಂದರೆ ಓಡು ಅಂತ ಕಲಿತಿದ್ದೆ. ಈಗ ನೋಡಿದರೆ ಮೂಗೂ ರನ್ ಆಗುತ್ತದೆ, ಕಂಪನಿಯನ್ನೂ ರನ್ ಮಾಡುತ್ತಾರೆ. ಇದಕ್ಕೆ ಒಟ್ಟು ಎಷ್ಟು ಅರ್ಥ, ಎಲ್ಲ ನೆನಪಿಡುವುದು ಹೇಗೆ?” ಎಂದು ಕೇಳಿದ್ದೀರಿ.

ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಪರಿಷ್ಕರಣೆಯಲ್ಲಿ ರನ್ ಎಂಬ ಕ್ರಿಯಾಪದಕ್ಕೆ 645 ಅರ್ಥಗಳನ್ನು ಗುರುತಿಸಿದ್ದಾರೆ. ಪೀಟರ್ ಗಿಲ್ಲಿವರ್ ಎಂಬ ನಿಘಂಟುಕಾರರು ಈ ಒಂದೇ ಪದದ ಮೇಲೆ ಒಂಬತ್ತು ತಿಂಗಳು ಕೂತರು. 1989ರ ಆವೃತ್ತಿಯಲ್ಲಿ ಸೆಟ್ ಎಂಬ ಪದ ಮುಂದಿತ್ತು, ಸುಮಾರು 430 ಅರ್ಥ. ಹಾಗಾಗಿ ಬಾಯಿಪಾಠದ ಯೋಚನೆ ಬಿಟ್ಟುಬಿಡಿ. ಇಂಗ್ಲಿಷ್ ಮನೆಮಾತಾದವರೂ ಹಾಗೆ ಕಲಿತಿರುವುದಿಲ್ಲ.

ನಾನು ಅನುವಾದದ ಕೆಲಸ ಮಾಡುತ್ತೇನೆ. ನನಗೆ ದಾರಿ ತೋರಿಸಿದ್ದು ‘ಓಡು’ ಅಲ್ಲ, ನಮ್ಮದೇ ‘ಹರಿ’. ನೀರು ಹರಿಯುತ್ತದೆ, ಹಾವು ಹರಿದುಹೋಗುತ್ತದೆ, ಲಾರಿ ಮೈಮೇಲೆ ಹರಿಯುತ್ತದೆ, ಗಮನ ಹರಿಸುತ್ತೇವೆ, ಬಟ್ಟೆಯೂ ಹರಿಯುತ್ತದೆ. ರನ್ ಹತ್ತಿರಹತ್ತಿರ ಇದೇ ಹಾದಿಯದು. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲರೂಪಕ್ಕೆ ಓಡು, ಹರಿ ಎರಡೂ ಅರ್ಥವಿತ್ತು. ಮೂಗು ಸೋರುವುದು, ಒಗೆದಾಗ ಬಣ್ಣ ಬಿಡುವುದು, ತೊಟ್ಟಿಗೆ ನೀರು ಬಿಡುವುದು, ಎಲ್ಲದರಲ್ಲೂ ಆ ಹರಿವೇ ಇದೆ. ಕಾಲ್ಚೀಲದ ನೂಲು ಬಿಟ್ಟು ಉದ್ದಕ್ಕೆ ಹರಿದರೆ ಅದಕ್ಕೂ ಅಮೆರಿಕದವರು ರನ್ ಎನ್ನುತ್ತಾರೆ. ಇದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ರನ್‌ಗೆ ಇಷ್ಟೊಂದು ಅರ್ಥ ಬರಲು ಇನ್ನೊಂದು ಕಾರಣವೂ ಇದೆ. ಕನ್ನಡದಲ್ಲಿ ‘-ಇಸು’ ಇದೆ: ಓಡು–ಓಡಿಸು, ನಡೆ–ನಡೆಸು, ಹರಿ–ಹರಿಸು. ಇಂಗ್ಲಿಷಿನಲ್ಲಿ ಯಂತ್ರ ಓಡಿದರೂ ರನ್, ಯಂತ್ರ ಓಡಿಸಿದರೂ ರನ್. ಕಂಪನಿ ನಡೆದರೂ ಅದೇ, ನಡೆಸಿದರೂ ಅದೇ. ಯಂತ್ರಗಳು ಬಂದಮೇಲಂತೂ ರೈಲು, ಮೋಟಾರು, ಕಂಪ್ಯೂಟರ್ ಪ್ರೋಗ್ರಾಂ ಎಲ್ಲವೂ ಈ ಪದದ ಹೆಗಲೇರಿದವು.

ಆದ್ದರಿಂದ ರನ್ ಕಂಡಾಗ ಅದನ್ನೇ ದಿಟ್ಟಿಸಬೇಡಿ, ಪಕ್ಕದಲ್ಲಿರುವ ನಾಮಪದ ನೋಡಿ. ಒಮ್ಮೆ ಒಂದು ಕಥೆಯಲ್ಲಿ ‘ಶಿ ರ‍್ಯಾನ್ ಹರ್ ಫಿಂಗರ್ಸ್ ಓವರ್ ದ ಶಾಲ್’ ಎಂಬ ವಾಕ್ಯ ಸಿಕ್ಕಿತು. ತೀರಿಹೋದ ತಾಯಿಯ ಶಾಲು ಅದು. ‘ಬೆರಳು ಓಡಿಸಿದಳು’ ಎಂದರೆ ಆತುರ ಕಾಣುತ್ತದೆ, ‘ಸವರಿದಳು’ ಎಂದರೆ ಧೂಳು ಒರೆಸಿದ ಹಾಗೆ. ಅರ್ಧ ದಿನ ಅಲ್ಲೇ ನಿಂತು, ಕೊನೆಗೆ ‘ಶಾಲಿನ ಮೇಲೆ ಬೆರಳಾಡಿಸಿದಳು’ ಎಂದು ಬರೆದೆ. ಆ ಅರ್ಥ ಹೇಳಿಕೊಟ್ಟದ್ದು ರನ್ ಅಲ್ಲ, ಬೆರಳು ಮತ್ತು ಶಾಲು.

ರನ್ ಔಟ್ ಆಫ್ (ಮುಗಿದುಹೋಗು), ರನ್ ಇನ್‌ಟು (ಅಚಾನಕ್ ಎದುರಾಗು, ಡಿಕ್ಕಿ ಹೊಡೆ) ಇಂಥವನ್ನು ಬೇರೆ ಪದಗಳೆಂದೇ ಕಲಿಯಿರಿ, ಒಡೆದು ನೋಡಿದರೆ ಗೊಂದಲ ಹೆಚ್ಚುತ್ತದೆ.

ಹರಿವಿನ ಸೂತ್ರ ಎಲ್ಲ ಕಡೆಗೂ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಚುನಾವಣೆಗೆ ಅಮೆರಿಕದವರು ರನ್ ಮಾಡುತ್ತಾರೆ. ಬ್ರಿಟನ್ನಿನವರು ಅದಕ್ಕೇ ಸ್ಟ್ಯಾಂಡ್ ಎನ್ನುತ್ತಾರೆ. ನಾವೂ ಚುನಾವಣೆಗೆ ನಿಲ್ಲುವವರೇ. ಅಲ್ಲಿ ಮಾತ್ರ ಅಮೆರಿಕದವರ ಪ್ರಯೋಗವನ್ನು ಇದ್ದ ಹಾಗೇ ನೆನಪಿಟ್ಟುಕೊಳ್ಳಿ.