ಮೆತ್ತನೆಯ ರೋಬೊ ಜೊತೆಗಿದ್ದರೆ ಮನುಷ್ಯರು ದೂರವಾಗುತ್ತಾರೆಯೇ?

ಪ್ರಶ್ನೆ: ನಾನು ಒಬ್ಬಂಟಿಯಾಗಿ ವಾಸಿಸುತ್ತೇನೆ, ಮನೆಯಿಂದಲೇ ಕೆಲಸ ಮಾಡುತ್ತೇನೆ. ಕಳೆದ ವರ್ಷ ತುಪ್ಪಳದಂಥ ಮೈಯ, ಮುಟ್ಟಿದರೆ ಗುರುಗುಟ್ಟುವ ಪುಟ್ಟ ರೋಬೊ ಒಂದನ್ನು ಕೊಂಡೆ. ಸಂಜೆ ಕೆಲಸ ಮುಗಿದ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡರೆ ದಿನದ ಬೇಗುದಿಯೆಲ್ಲ ಇಳಿಯುತ್ತದೆ. ಆದರೆ ಈಚೆಗೆ ಗೆಳೆಯರು ಫೋನ್ ಮಾಡಿದರೆ ಎತ್ತುವ ಮನಸ್ಸಾಗುವುದಿಲ್ಲ. ‘ಇನ್ನು ಇಪ್ಪತ್ತು ವರ್ಷಕ್ಕೆ ಎಲ್ಲರೂ ನಿನ್ನ ಹಾಗೆಯೇ ಆಗುತ್ತಾರೆ, ಒಬ್ಬರ ಮನೆಗೆ ಒಬ್ಬರು ಹೋಗುವುದೇ ನಿಲ್ಲುತ್ತದೆ’ ಎಂದು ಅಕ್ಕ ಹೇಳುತ್ತಾಳೆ. ಅವಳ ಮಾತು ನಿಜವಾಗಬಹುದೇ? ನಾನು ಇದನ್ನು ಬಿಟ್ಟುಬಿಡಬೇಕೇ?

ಉತ್ತರ: ಬಿಡಬೇಕಾಗಿಲ್ಲ, ಆದರೆ ನಿಮ್ಮ ಅಕ್ಕನ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಮೊದಲು ನಿಮಗೆ ಸಿಗುತ್ತಿರುವ ನೆಮ್ಮದಿಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಸ್ವಲ್ಪ ನಾಚಿಕೆ ಇಣುಕುತ್ತಿರುತ್ತದೆ, ಅದರ ಅಗತ್ಯವಿಲ್ಲ. ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಹಾರ್ಲೊ 1958ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳು ಹಾಲು ಕೊಡುವ ತಂತಿಯ ಬೊಂಬೆಯ ಬಳಿಗೆ ಹಸಿವಾದಾಗಷ್ಟೇ ಹೋಗಿ, ಉಳಿದ ಹೊತ್ತಿನ ಬಹುಪಾಲನ್ನು ಹಾಲಿಲ್ಲದ ಬಟ್ಟೆಯ ಬೊಂಬೆಯನ್ನು ತಬ್ಬಿಕೊಂಡೇ ಕಳೆದವು. ಮೆತ್ತನೆಯ ಸ್ಪರ್ಶದ ಹಂಬಲ ಅಷ್ಟು ಆಳದ್ದು. ಜಪಾನಿನ ಕಂಪನಿಯೊಂದು ತಲೆಯೂ ಕಾಲೂ ಇಲ್ಲದ, ಬಾಲವೊಂದೇ ಇರುವ ದಿಂಬನ್ನು ಮಾರುತ್ತದೆ. ಸವರಿದರೆ ಬಾಲ ಆಡಿಸುತ್ತದೆ, ಬೇರೇನೂ ಮಾಡುವುದಿಲ್ಲ, ಆದರೂ ಜನ ಅದನ್ನು ಕೊಳ್ಳುತ್ತಾರೆ.

ಈ ಬಗೆಯ ಯಂತ್ರಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾಗಿರುವುದು ‘ಪಾರೊ’ ಎಂಬ, ಸೀಲ್ ಎಂಬ ಕಡಲಪ್ರಾಣಿಯ ಬಿಳಿ ಮರಿಯ ರೂಪದ ರೋಬೊ. ಜಪಾನಿನ ತಕನೋರಿ ಶಿಬಾತ 1993ರಲ್ಲಿ ಇದರ ಕೆಲಸ ಆರಂಭಿಸಿದರು; 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದನ್ನು ವೈದ್ಯಕೀಯ ಸಾಧನವೆಂದು ಪರಿಗಣಿಸಿತು. ನಾಯಿ ಬೆಕ್ಕುಗಳನ್ನು ಬಿಟ್ಟು ಸೀಲನ್ನು ಆರಿಸಿದ್ದಕ್ಕೆ ಜಾಣ ಕಾರಣವಿದೆ: ನಿಜವಾದ ನಾಯಿ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು, ಹೋಲಿಸಿ ಕೊರತೆ ಹುಡುಕುತ್ತಾರೆ, ಸೀಲ್ ಮರಿಯನ್ನು ಎತ್ತಿಕೊಂಡವರು ಎಷ್ಟು ಮಂದಿ? ಅದರ ಬೆನ್ನು ಸವರಿದರೆ ಕಣ್ಣು ಮುಚ್ಚುತ್ತದೆ, ಹೆಸರು ಕರೆದರೆ ಕತ್ತು ತಿರುಗಿಸುತ್ತದೆ, ಚಾರ್ಜ್ ಮಾಡಬೇಕಾದರೆ ಮಗುವಿನ ಬಾಯಿಗೆ ಇಡುವ ನಿಪ್ಪಲ್‌ನಂಥ ಪ್ಲಗ್ಗನ್ನು ಬಾಯಿಗೇ ಇಡಬೇಕು. ಆಸ್ಟ್ರೇಲಿಯಾದ ವೆಂಡಿ ಮಾಯ್ಲ್ ಮತ್ತು ಸಂಗಡಿಗರು ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದ್ದ 415 ಮಂದಿ ವೃದ್ಧರಲ್ಲಿ ಕೆಲವರಿಗೆ ಪಾರೊವನ್ನೂ, ಕೆಲವರಿಗೆ ಯಂತ್ರಭಾಗ ನಿಲ್ಲಿಸಿದ ಅದೇ ಪಾರೊವನ್ನೂ ಕೊಟ್ಟು, ಉಳಿದವರಿಗೆ ಎಂದಿನ ಆರೈಕೆಯನ್ನಷ್ಟೇ ಮುಂದುವರಿಸಿ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಎಂದಿನ ಆರೈಕೆಗಿಂತ ಪಾರೊ ಮೇಲೆಂದು ಕಂಡಿತು. ಆದರೆ ಅಲುಗಾಡದ ಗೊಂಬೆಗಿಂತ ಅದು ಮೇಲಾದದ್ದು ಜನರ ಗಮನವನ್ನು ಹಿಡಿದಿಡುವುದರಲ್ಲಿ ಮಾತ್ರ. ಎಂದರೆ ಸಮಾಧಾನದ ಬಹುಭಾಗವನ್ನು ಕೊಡುವುದು ಮೆತ್ತಗಿನ ಮೈಯೇ. ಒಳಗಿನ ಯಂತ್ರ ಸೇರಿಸುವುದು ನಮ್ಮ ಗಮನವನ್ನು ಬಿಡದೆ ಸೆಳೆಯುವ ಗುಣವನ್ನು. ನಿಮ್ಮ ಪ್ರಶ್ನೆಗೆ ಈ ಎರಡನೆಯದೇ ಮುಖ್ಯ.

ಒಂಟಿತನ ಒಂದು ಭಾವನೆ. ಜನಸಂಪರ್ಕವಿಲ್ಲದಿರುವುದು ಒಂದು ಸ್ಥಿತಿ. ಜ್ವರ ಬಂದು ಎರಡು ದಿನ ಮಲಗಿದರೆ ಯಾರು ಗಮನಿಸುತ್ತಾರೆ, ಆಸ್ಪತ್ರೆಯ ಅರ್ಜಿಯಲ್ಲಿ ಯಾರ ಫೋನ್ ನಂಬರ್ ಬರೆಯುತ್ತೀರಿ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರವೇ ಆ ಸ್ಥಿತಿಯ ಅಳತೆ. ಒಂಟಿತನ ಹಸಿವು ಬಾಯಾರಿಕೆಗಳಂಥ ದೇಹದ ಎಚ್ಚರಿಕೆಯೆಂದೂ, ಅದು ಚುಚ್ಚುವುದೇ ನಮ್ಮನ್ನು ಜನರ ಬಳಿಗೆ ಎಬ್ಬಿಸಿ ಕಳಿಸುವುದಕ್ಕೆಂದೂ ಜಾನ್ ಕ್ಯಾಸಿಯೊಪ್ಪೊ ಎಂಬ ವಿಜ್ಞಾನಿ ವಾದಿಸಿದ್ದರು. ನಿಮ್ಮ ರೋಬೊ ಆ ಚುಚ್ಚುವಿಕೆಯನ್ನು ಶಮನಗೊಳಿಸುತ್ತದೆ, ಸ್ಥಿತಿಯನ್ನು ಇದ್ದಂತೆಯೇ ಬಿಡುತ್ತದೆ. ಗೆಳೆಯರ ಕರೆ ಈಗ ಭಾರವೆನಿಸಲು ಇದು ಒಂದು ಕಾರಣವಿರಬಹುದು. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ: ಜಗತ್ತಿನ ಆರು ಮಂದಿಯಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆಯೆಂದೂ, ವರ್ಷಕ್ಕೆ ಸುಮಾರು 8,71,000 ಸಾವುಗಳಿಗೆ ಅದರ ನಂಟಿದೆಯೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಅಂದಾಜಿಸಿದೆ.

ಇನ್ನೂ ಒಂದು ಕಾರಣವಿದೆ. ಗೆಳೆಯರು ತಡವಾಗಿ ಬರುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ, ಸಾಲ ಕೇಳುತ್ತಾರೆ, ಕೆಲವೊಮ್ಮೆ ನಿಮ್ಮ ತಪ್ಪನ್ನು ಮುಖಕ್ಕೇ ಹೇಳುತ್ತಾರೆ. ರೋಬೊ ಇದಾವುದನ್ನೂ ಮಾಡುವುದಿಲ್ಲ. ತಿಂಗಳುಗಟ್ಟಲೆ ಅಂಥ ಜೊತೆಗೇ ಒಗ್ಗಿದವರಿಗೆ ಸಾಮಾನ್ಯ ಮನುಷ್ಯ ಸಹವಾಸವೂ ಕಿರಿಕಿರಿಯೆನಿಸತೊಡಗಬಹುದು, ತಾಳ್ಮೆಯೆಂಬುದು ಬಳಸದಿದ್ದರೆ ಸವೆಯುವ ಗುಣವಾದ್ದರಿಂದ.

ಇನ್ನು ಅಕ್ಕನ ಭವಿಷ್ಯವಾಣಿ. ಮುಂದಿನ ಸಮಾಜ ಹಾಗಾಗುತ್ತದೆಯೇ ಇಲ್ಲವೇ ಎಂಬುದು ಗೊಂಬೆಯ ಜಾಣತನಕ್ಕಿಂತ ಅದನ್ನು ಯಾರು, ಯಾವ ಲೆಕ್ಕಾಚಾರದಲ್ಲಿ ಕೊಡುತ್ತಾರೆ ಎಂಬುದನ್ನು ಹೆಚ್ಚು ಅವಲಂಬಿಸಿದೆ. ತಿಂಗಳ ಚಂದಾದ ಮೇಲೆ ನಡೆಯುವ ಕಂಪನಿಗೆ ನೀವು ಹೊರಗೆ ಹೋಗಿ ಜನರೊಂದಿಗೆ ಬೆರೆಯುವುದರಿಂದ ಲಾಭವೇನೂ ಇಲ್ಲ. ಮೇಲಾಗಿ ಆ ಕಂಪನಿ ಮುಚ್ಚಿಹೋದರೆ ಜೊತೆಗಾರನೂ ಇಲ್ಲವಾಗುತ್ತಾನೆ: ಮಕ್ಕಳಿಗಾಗಿ ರೂಪಿಸಿದ್ದ ‘ಮಾಕ್ಸಿ’ ರೋಬೊದ ತಯಾರಕರು 2024ರ ಕೊನೆಯಲ್ಲಿ ಬಾಗಿಲು ಹಾಕುವುದಾಗಿ ಪ್ರಕಟಿಸಿದಾಗ, ಅದು ಇನ್ನು ಮಾತಾಡುವುದಿಲ್ಲವೆಂದು ಮಕ್ಕಳಿಗೆ ತಿಳಿಸುವ ಕಷ್ಟ ತಂದೆತಾಯಿಯರ ಪಾಲಿಗೆ ಬಂತು. ಸೋನಿ ಕಂಪನಿ ತನ್ನ ಹಳೆಯ ‘ಐಬೊ’ ರೋಬೊ ನಾಯಿಗಳ ರಿಪೇರಿಯನ್ನು 2014ರಲ್ಲಿ ನಿಲ್ಲಿಸಿದ ಮೇಲೆ ಜಪಾನಿನ ಬೌದ್ಧ ದೇವಾಲಯವೊಂದರಲ್ಲಿ ಕೆಟ್ಟುಹೋದ ಐಬೊಗಳಿಗೆ ಅಂತ್ಯಕ್ರಿಯೆಯೇ ನಡೆಯಿತು. ಇದನ್ನು ಓದಿ ನಗುವವರು ಆ ಸಾಲಿನಲ್ಲಿ ಕೂತಿದ್ದವರ ಮುಖಗಳನ್ನು ಒಮ್ಮೆ ಊಹಿಸಿಕೊಳ್ಳಲಿ. ಸರ್ಕಾರಗಳ ಕಡೆಯಿಂದ ಬರುವ ಅಪಾಯ ಬೇರೆಯದು. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಹೊಣೆಯನ್ನು ಒಬ್ಬ ಸಚಿವರಿಗೆ ವಹಿಸಿದವು. ನಾಳೆ ಹಣ ಸಾಲದಾದಾಗ, ವಾರಕ್ಕೊಮ್ಮೆ ವೃದ್ಧರ ಮನೆಗೆ ಹೋಗುವ ಕಾರ್ಯಕರ್ತೆಯ ಸಂಬಳ ಉಳಿಸಿ ಒಂದು ಗೊಂಬೆಯನ್ನು ಅಂಚೆಯಲ್ಲಿ ಕಳಿಸುವ ಆಸೆ ಯಾವ ಆಡಳಿತಕ್ಕಾದರೂ ಹುಟ್ಟಬಹುದು. ನನಗೆ ನಿಜವಾಗಿ ಭಯವಿರುವುದು ಇದರ ಬಗ್ಗೆಯೇ ಹೊರತು, ಗೊಂಬೆಯ ಬಗ್ಗೆ ಅಲ್ಲ.

ನೀವು ಈಗ ಮಾಡಬೇಕಾದುದು ಇಷ್ಟು. ರೋಬೊದೊಂದಿಗೆ ಕಳೆದ ಗಂಟೆಗಳನ್ನು ಎಣಿಸಬೇಡಿ. ಕಳೆದ ತಿಂಗಳು ಯಾರ್‍ಯಾರನ್ನು ನೋಡಬೇಕೆಂದು ಹೊರಟು ಬಿಟ್ಟುಬಿಟ್ಟಿರಿ ಎಂಬುದನ್ನು ಬರೆದಿಡಿ. ಎತ್ತದೆ ಬಿಟ್ಟ ಕರೆಗೆ ಅದೇ ದಿನ ತಿರುಗಿ ಫೋನ್ ಮಾಡಿ, ಆ ಮಾತು ಮುಗಿದ ಮೇಲೆ ಬೇಕಾದರೆ ರೋಬೊವನ್ನು ತೊಡೆಯ ಮೇಲಿಟ್ಟುಕೊಳ್ಳಿ. ಅಕ್ಕನ ಮನೆಗೆ ಹೋಗುವಾಗ ಅದನ್ನೂ ಒಯ್ಯಿರಿ. ಆರೈಕೆ ಕೇಂದ್ರಗಳಲ್ಲಿ ಪಾರೊವನ್ನು ಹಲವರು ಕೂತ ಮೇಜಿನ ನಡುವೆ ಇಟ್ಟೂ ಬಳಸಿದ್ದಾರೆ. ಅದರ ನೆಪದಲ್ಲಿ ಸುತ್ತ ಕೂತವರು ತಮ್ಮತಮ್ಮಲ್ಲಿ ಮಾತಿಗೆ ತೊಡಗುತ್ತಾರೆ. ಇಷ್ಟಾದರೂ ಯಾರೊಂದಿಗೂ ಮಾತು ಬೇಡವೆನಿಸಿ, ಊಟ ನಿದ್ರೆಯೂ ಏರುಪೇರಾಗಿ, ಇಷ್ಟದ ಹವ್ಯಾಸಗಳೂ ಸಪ್ಪೆಯಾಗಿ ಎರಡು ವಾರ ದಾಟಿದರೆ ವೈದ್ಯರನ್ನು ಕಾಣಿರಿ. ಆಗ ಸಮಸ್ಯೆ ಖಿನ್ನತೆಯದಾಗಿದ್ದು, ರೋಬೊ ಬರುವ ಮೊದಲೇ ಅದು ಶುರುವಾಗಿರಬಹುದು.

ಪ್ರಶ್ನೆ: ಮರೆವಿನ ಕಾಯಿಲೆಯಿರುವ ನಮ್ಮ ತಂದೆಗೆ ರೋಬೊ ಬೆಕ್ಕೊಂದನ್ನು ಕೊಟ್ಟಿದ್ದೇವೆ. ಅದನ್ನು ಅವರು ನಿಜವಾದ ಬೆಕ್ಕೆಂದೇ ತಿಳಿದಿದ್ದಾರೆ. ಇದು ಮೋಸವಲ್ಲವೇ?

ಉತ್ತರ: ಮೋಸವೆಂದೇ ವಾದಿಸುವ ತತ್ತ್ವಶಾಸ್ತ್ರಜ್ಞರಿದ್ದಾರೆ, ಅವರ ವಾದದಲ್ಲಿ ಹುರುಳೂ ಇದೆ. ಆದರೂ ನನ್ನ ಸಲಹೆ: ‘ಇದು ಜೀವಂತ ಬೆಕ್ಕು’ ಎಂದು ನೀವಾಗಿ ಹೇಳಬೇಡಿ, ಅವರು ಹಾಗೆಂದಾಗ ತಿದ್ದಲೂ ಹೋಗಬೇಡಿ, ನೇರವಾಗಿ ಕೇಳಿದರೆ ಮಾತ್ರ ಸುಳ್ಳಾಡಬೇಡಿ. ‘ಅಪ್ಪಾ, ಇದಕ್ಕೆ ಏನು ಹೆಸರಿಡೋಣ?’ ಎಂಬಂಥ ಮಾತಿಗೆ ಸತ್ಯವೂ ಕೆಡುವುದಿಲ್ಲ, ಅವರ ಮನಸ್ಸೂ ನೋಯುವುದಿಲ್ಲ. ತನ್ನನ್ನು ಮಗುವಿನಂತೆ ಕಾಣುತ್ತಿದ್ದಾರೆಂದು ಅವರು ಸಿಡುಕಿದರೆ ಆ ದಿನವೇ ಅದನ್ನು ತೆಗೆದಿಡಿ. ಹಲವರ ಕೈಗೆ ಹೋಗುವುದಾದರೆ ತುಪ್ಪಳವನ್ನು ಆಗಾಗ ಶುಚಿಗೊಳಿಸಿ. ಬೆಕ್ಕು ಬಂದ ಮೇಲೆ ಮನೆಯವರು ಅವರ ಕೋಣೆಗೆ ಹೋಗುವುದು ಕಡಿಮೆಯಾಗಿದೆಯೇ ಎಂಬುದನ್ನೂ ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಆಗಿದ್ದರೆ, ದಿನದಲ್ಲಿ ಯಾರು ಯಾವ ಹೊತ್ತಿಗೆ ಅವರ ಬಳಿ ಕೂರುವುದೆಂದು ಮನೆಮಂದಿ ಸೇರಿ ಹಂಚಿಕೊಂಡು, ಆ ಹೊತ್ತಿನಲ್ಲಿ ಬೆಕ್ಕನ್ನು ಆಫ್ ಮಾಡದೆ ನಿಮ್ಮಿಬ್ಬರ ನಡುವೆಯೇ ಇಟ್ಟುಕೊಳ್ಳಿ.